ಸೆಕೆಂಡ್ ಹ್ಯಾಂಡ್ ಏರ್ ಪಿಸ್ತೂಲ್ ಎರಡಿವೆ, ಯಾವುದರ ಗುರಿ ಸರಿ ಅಂತ ಪರೀಕ್ಷಿಸೋದು ಹೇಗೆ?

ಮೈಸೂರು_ಅಪ್ಪ

ಎಲ್ಲರಿಗೂ ನಮಸ್ಕಾರ. ಮಗಳು 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತಾಳೆ. ಇಲ್ಲಿಯವರೆಗೆ ಕ್ಲಬ್ಬಿನ ಪಿಸ್ತೂಲಿನಲ್ಲೇ ನಡೆಯಿತು. ಈಗ 60 ಶಾಟಿಗೆ, 600 ಅಂಕಕ್ಕೆ 540ರ ಆಸುಪಾಸು ಬರುತ್ತಿದೆ. ಸ್ವಂತದ್ದು ಬೇಕು ಎಂದು ಹಟ ಹಿಡಿದಿದ್ದಾಳೆ. ಹೊಸದರ ಬೆಲೆ ಕೇಳಿದರೆ ಎದೆ ಝಲ್ ಅನ್ನುತ್ತದೆ, ಹಾಗಾಗಿ ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ.

ಎರಡು ಸಿಕ್ಕಿವೆ. ಒಂದು ಸ್ಟೈಯರ್ ಎಲ್‌ಪಿ10. ಇನ್ನೊಂದು ಮೊರಿನಿ ಸಿಎಂ 162 ಇಐ, ಎಲೆಕ್ಟ್ರಾನಿಕ್ ಟ್ರಿಗರ್‌ನದು. ಬೆಲೆ ಹೆಚ್ಚುಕಡಿಮೆ ಒಂದೇ. ಮೊರಿನಿ ಮಾರುವವರು ಅದರ ಜೊತೆ ಬಂದಿದ್ದ ಟೆಸ್ಟ್ ಕಾರ್ಡ್ ಜೋಪಾನವಾಗಿ ಇಟ್ಟಿದ್ದಾರೆ. ಐದು ಗುಂಡು, ಒಂದೇ ತೂತು! ಸ್ಟೈಯರ್‌ನವರ ಹತ್ತಿರ ಕಾರ್ಡ್ ಇಲ್ಲ. ಮಗಳು ಎರಡರಲ್ಲೂ ಹತ್ತು ಹತ್ತು ಗುಂಡು ಹೊಡೆದಳು. ಸ್ಟೈಯರ್ ಗ್ರೂಪ್ (ತೂತುಗಳ ಹರವು) ಸ್ವಲ್ಪ ಚಿಕ್ಕದು ಬಂತು. ಹಾಗಾದರೆ ಯಾವುದನ್ನು ನಂಬೋದು? ಎರಡನ್ನೂ ರೇಂಜಿಗೆ ತಂದು ಸರಿಯಾಗಿ ಹೋಲಿಸಿ ನೋಡಲು ಇಬ್ಬರೂ ಒಪ್ಪಿದ್ದಾರೆ. ಹೇಗೆ ಮಾಡಬೇಕು ಹೇಳಿ.

ಹತ್ತು_ಪಾಯಿಂಟ್_ಒಂಬತ್ತು

ಸರ್, ಮೊದಲು ಒಂದು ಮಾತು. ಮಗಳು ಹೊಡೆದ ಹತ್ತು ಗುಂಡಿನಿಂದ ಪಿಸ್ತೂಲಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಲೆಕ್ಕ ಕೊಡುತ್ತೇನೆ.

ಏರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ 10ರ ಉಂಗುರ 11.5 ಮಿಮೀ. ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, 4.5 ಮಿಮೀ. ಅಂಚು ಗೆರೆಗೆ ತಾಗಿದರೂ ಹತ್ತು ಸಿಗುತ್ತದೆ. ಅಂದರೆ ಪೆಲೆಟ್ಟಿನ ಮಧ್ಯ ಟಾರ್ಗೆಟ್ ಮಧ್ಯದಿಂದ 8 ಮಿಮೀ ಒಳಗೆ ಬಿದ್ದರೆ ಹತ್ತು. ಅಲ್ಲಿಂದ ಮುಂದೆ ಪ್ರತಿ 8 ಮಿಮೀಗೆ ಒಂದು ಅಂಕ ಹೋಗುತ್ತದೆ. ಈ ಲೆಕ್ಕ ಹಿಡಿದು ಹೋದರೆ, 540 ಹೊಡೆಯುವವರ ಹತ್ತು ಗುಂಡಿನ ಗ್ರೂಪ್ ಸರಾಸರಿ 35 ಮಿಮೀ ಇರುತ್ತದೆ. ದೂರದ ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ.

ಈಗ ಪಿಸ್ತೂಲ್ ಮಾತ್ರ, ಕೈಯಿಲ್ಲದೆ, ಮೇಜಿನ ವೈಸಿಗೆ (ಬಿಗಿದು ಹಿಡಿಯುವ ಇಕ್ಕಳಕ್ಕೆ) ಕಟ್ಟಿ ಹೊಡೆದರೆ, ಹತ್ತು ಗುಂಡನ್ನು 5 ಮಿಮೀ ಒಳಗೆ ಇಡುತ್ತದೆ ಅಂದುಕೊಳ್ಳಿ. ಕೈಯ 35ಕ್ಕೆ ಈ 5 ಸೇರಿ 40 ಆಗುವುದಿಲ್ಲ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. 1225ಕ್ಕೆ 25 ಸೇರಿಸಿದರೆ 1250, ಅದರ ಮೂಲ 35.4. ಪಿಸ್ತೂಲ್ ಅದರ ಎರಡು ಪಟ್ಟು ಕೆಟ್ಟದ್ದು, 10 ಮಿಮೀ ಗ್ರೂಪಿನದು ಅಂದುಕೊಂಡರೂ 36.4 ಅಷ್ಟೇ. ಒಂದು ಮಿಲಿಮೀಟರ್ ವ್ಯತ್ಯಾಸ. ಅದನ್ನು ಕೈಯಲ್ಲಿ ಹೊಡೆದು ಕಂಡುಹಿಡಿಯಬೇಕಾದರೆ ಪ್ರತಿ ಪಿಸ್ತೂಲಿನಲ್ಲೂ ಸಾವಿರಗಟ್ಟಲೆ ಗುಂಡು ಬೇಕು. ಹತ್ತರಲ್ಲಿ ಕಾಣಿಸಿದ್ದು ಸುಮ್ನೆ ಅದೃಷ್ಟ.

ಮೈಸೂರು_ಅಪ್ಪ

ಅಯ್ಯೋ. ಹಾಗಾದರೆ ಯಾವ ಪಿಸ್ತೂಲಾದರೂ ಒಂದೇನಾ?

ಹತ್ತು_ಪಾಯಿಂಟ್_ಒಂಬತ್ತು

ಹಾಗಲ್ಲ ಸರ್. ಆ 5 ಮತ್ತು 10 ಮಿಮೀ ಪಿಸ್ತೂಲುಗಳ ನಡುವೆ, 540ರ ಮಟ್ಟದಲ್ಲಿ, 60 ಶಾಟಿಗೆ ಎರಡೂವರೆ ಅಂಕದ ವ್ಯತ್ಯಾಸ ಬರುತ್ತದೆ. 580ರ ಮಟ್ಟಕ್ಕೆ ಹೋದರೆ ನಾಲ್ಕು ಅಂಕ ದಾಟುತ್ತದೆ. ಒಳ್ಳೆಯ ಕೈಗೆ ಕೆಟ್ಟ ಪಿಸ್ತೂಲ್ ಜಾಸ್ತಿ ಹೊಡೆತ ಕೊಡುತ್ತದೆ. ಮ್ಯಾಚಿನಲ್ಲಿ ನಾಲ್ಕು ಅಂಕ ಅಂದರೆ ಫೈನಲ್ ಒಳಗೋ ಹೊರಗೋ ಅನ್ನುವಷ್ಟು. ಆದರೆ 5ಕ್ಕೂ 7ಕ್ಕೂ ನಡುವೆ ನಿಮ್ಮ ಮಗಳಿಗೆ ಒಂದು ಅಂಕವೂ ಇಲ್ಲ. ನೀವು ನೋಡುತ್ತಿರುವ ಎರಡೂ ಹೆಸರಾಂತ ಮ್ಯಾಚ್ ಪಿಸ್ತೂಲುಗಳು. ಕೆಡದೇ ಇದ್ದರೆ ಎರಡೂ ಸಾಕಷ್ಟು ಚೆನ್ನಾಗಿಯೇ ಇರುತ್ತವೆ. ನೀವು ಹುಡುಕಬೇಕಾದದ್ದು ಯಾವುದು ಚಾಂಪಿಯನ್ ಅಂತಲ್ಲ, ಯಾವುದಾದರೂ ಹಾಳಾಗಿದೆಯಾ ಅಂತ.

ಕೊಡಗಿನ_ಕೋವಿ

ಲೆಕ್ಕ ಎಲ್ಲ ಸರಿ ಗುರುಗಳೇ. ಆದರೆ ಪಿಸ್ತೂಲನ್ನು ಕಡೆಗೆ ಹಿಡಿಯುವುದು ಕೈಯೇ ತಾನೇ? ವೈಸ್ ಬಂದು ಮ್ಯಾಚ್ ಹೊಡೆಯುವುದಿಲ್ಲ. ನಮ್ಮ ಕಡೆ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಯಾರೂ ಕೋವಿಯನ್ನು ಮೊದಲು ಮೇಜಿಗೆ ಕಟ್ಟಿ ನೋಡುವುದಿಲ್ಲ. ಯಾರ ಕೈಗೆ ಯಾವುದು ಕೂರುತ್ತದೋ ಅದು.

ಲೇತ್_ಮನೆ

ಅಣ್ಣ, ತೆಂಗಿನಕಾಯಿ 11.5 ಮಿಮೀ ಇರುವುದಿಲ್ಲ 😄

ನಾನು ಪೀಣ್ಯದಲ್ಲಿ ಟೂಲ್ ರೂಮ್ ನಡೆಸುತ್ತೇನೆ. ಗೆಳೆಯರ ಪಿಸ್ತೂಲುಗಳಿಗಾಗಿ ಒಂದು ವೈಸ್ ಫಿಕ್ಸ್ಚರ್ ಮಾಡಿಕೊಂಡಿದ್ದೇನೆ. ಮೈಸೂರಿನ ಸರ್ ಮಾಡಬೇಕಾದರೆ ಹೀಗೆ ಮಾಡಬಹುದು.

ಗ್ರಿಪ್ (ಕೈ ಹಿಡಿಯುವ ಹಿಡಿ) ಬಿಚ್ಚಿ. ಕೆಳಗೆ ಲೋಹದ ಫ್ರೇಮ್ ಕಾಣಿಸುತ್ತದೆ. ವೈಸ್ ಹಿಡಿಯಬೇಕಾದದ್ದು ಅದನ್ನು. ಬ್ಯಾರೆಲ್ಲನ್ನು ಹಿಡಿದರೆ ಅದು ಬಾಗಿ ಗುರಿ ಬೇರೆ ಕಡೆ ಹೋಗುತ್ತದೆ. ಸಿಲಿಂಡರಿಗಂತೂ ವೈಸ್ ಬಾಯಿ ತಾಗಲೇಬಾರದು, ಅದರೊಳಗೆ 200 ಬಾರ್ ಗಾಳಿ ಇರುತ್ತದೆ. ಬಾಯಿಗೆ ದಪ್ಪ ಚರ್ಮ ಅಥವಾ ಮರದ ಪಟ್ಟಿ ಹಾಕಿ. ವೈಸ್ ಕೂತಿರುವ ಮೇಜು ಅಲುಗಬಾರದು. ಪ್ಲಾಸ್ಟಿಕ್ ಟೇಬಲ್ ಮೇಲೆ ವೈಸ್ ಇಟ್ಟು ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ಅವರು ಅಳೆಯುತ್ತಿರುವುದು ಟೇಬಲ್ಲನ್ನು.

ಇಲ್ಲಿ ಒಂದು ಕಿರಿಕಿರಿ ಇದೆ. ಪ್ರತಿ ಸಲ ಲಿವರ್ ಎತ್ತಿ ಪೆಲೆಟ್ ತುಂಬಬೇಕು. ಆ ಎಳೆತಕ್ಕೇ ಪಿಸ್ತೂಲ್ ಕೂದಲೆಳೆಯಷ್ಟು ಜಾರುತ್ತದೆ. ಇಲ್ಲಿ ಕೂದಲೆಳೆ ಜಾರಿದರೆ ಹತ್ತು ಮೀಟರ್ ಆಚೆ ಮಿಲಿಮೀಟರುಗಳು. ಅದಕ್ಕೆ ಬ್ಯಾರೆಲ್ ಮೇಲೆ ಒಂದು ಚಿಕ್ಕ ಲೇಸರ್ ಕಟ್ಟಿ. ಗುಂಡು ಹಾಕದೆ ಲಿವರ್ ಮಾತ್ರ ಎತ್ತಿ ಇಳಿಸಿ ನೋಡಿ. ಚುಕ್ಕೆ ಹಳೆಯ ಜಾಗಕ್ಕೇ ಬಂತಾ? ಬಂದರೆ ಮುಂದೆ ಹೋಗಿ. ಬರದಿದ್ದರೆ ಮೊದಲು ವೈಸ್ ಸರಿ ಮಾಡಿ. ಪಿಸ್ತೂಲಿಗೆ ಬೈದು ಪ್ರಯೋಜನವಿಲ್ಲ.

ಅಳೆಯುವುದರ ಬಗ್ಗೆ ಇನ್ನೊಂದು. ಮ್ಯಾಚ್ ಪೆಲೆಟ್ ತಲೆ ಚಪ್ಪಟೆ, ಕಾಗದದಲ್ಲಿ ದುಂಡಗೆ ಕತ್ತರಿಸಿದ ಹಾಗೆ ತೂತು ಮಾಡುತ್ತದೆ. ಅದು ದಪ್ಪ ಟಾರ್ಗೆಟ್ ಕಾರ್ಡಿನಲ್ಲಿ ಮಾತ್ರ. ಮನೆಯ ಪ್ರಿಂಟರ್ ಕಾಗದದಲ್ಲಿ ಹರಿದ ನಕ್ಷತ್ರ ಸಿಗುತ್ತದೆ, ಅಂಚು ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಒಳ್ಳೆಯ ಕಾರ್ಡಿನಲ್ಲೂ ಗುಂಡು ಹೋದ ಮೇಲೆ ನಾರು ಸ್ವಲ್ಪ ಒಳಗೆ ಮರಳುತ್ತದೆ. ತೂತು 4.5ಕ್ಕಿಂತ ಚಿಕ್ಕದಾಗಿ ಅಳತೆಗೆ ಸಿಗುತ್ತದೆ. ಹಾಗಾಗಿ ಗ್ರೂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಹಿಡಿದು, ಅದರಿಂದ 4.5 ಕಳೆಯುವ ಬದಲು, ಅದೇ ಕಾರ್ಡಿನ ಮೂಲೆಯಲ್ಲಿ ಒಂದು ಒಂಟಿ ಗುಂಡು ಹೊಡೆದು ಅದರ ತೂತು ಅಳೆಯಿರಿ. ಆ ಅಳತೆಯನ್ನು ಕಳೆಯಿರಿ. 4.5ನ್ನೇ ಕಳೆದರೆ ಗ್ರೂಪ್ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಮಾರುವವರಿಗೆ ಅದು ಬಹಳ ಇಷ್ಟ.

ಸ್ಟುಟ್‌ಗಾರ್ಟ್_ಸುಬ್ಬ

ಇಲ್ಲಿ ಜರ್ಮನಿಯಲ್ಲಿ ಊರೂರಿಗೂ ಶೂಟಿಂಗ್ ಕ್ಲಬ್ ಇದೆ. ಫೈನ್‌ವರ್ಕ್‌ಬೌ ಕಂಪನಿಯ ಒಬೆರ್ನ್‌ಡಾರ್ಫ್ ನಮ್ಮಿಂದ ದಕ್ಷಿಣಕ್ಕೆ, ವಾಲ್ಟರ್ ಇರುವ ಉಲ್ಮ್ ಪೂರ್ವಕ್ಕೆ. ಅದಕ್ಕೇ ಈ ಮಾತು ಇಲ್ಲಿ ಟೀ ಕುಡಿಯುವಾಗಲೂ ಬರುತ್ತದೆ. ಇಲ್ಲಿಯವರು ವೈಸಿಗೆ ಕಟ್ಟುವುದು ಹೆಚ್ಚಾಗಿ ಪಿಸ್ತೂಲ್ ಹೋಲಿಸಲು ಅಲ್ಲ, ಪೆಲೆಟ್ ಆರಿಸಲು. ಒಂದೇ ಕಂಪನಿಯ ಒಂದೇ ಬಗೆಯ ಪೆಲೆಟ್ ಡಬ್ಬಿಗಳ ಮೇಲೆ 4.48, 4.49, 4.50, 4.51 ಅಂತ ಬೇರೆ ಬೇರೆ ತಲೆಯ ಅಳತೆ ಬರೆದಿರುತ್ತದೆ. ಜೊತೆಗೆ ಲಾಟ್ ನಂಬರ್, ಅಂದರೆ ಯಾವ ಕಂತಿನಲ್ಲಿ ತಯಾರಾದದ್ದು ಅಂತ. ಪ್ರತಿ ಬ್ಯಾರೆಲ್ಲಿಗೂ ಒಂದೊಂದು ಇಷ್ಟ. ಒಂದು ಲಾಟ್ ಕೂಡಿತು ಅಂದರೆ ವರ್ಷಕ್ಕಾಗುವಷ್ಟು ಅದನ್ನೇ ಕೊಂಡುಬಿಡುತ್ತಾರೆ.

ಹಾಗಾಗಿ ಒಂದೇ ಡಬ್ಬಿ ಹಿಡಿದು ಎರಡು ಪಿಸ್ತೂಲ್ ಹೋಲಿಸುವುದು ಅಷ್ಟು ನ್ಯಾಯವಲ್ಲ. ಆ ಪೆಲೆಟ್ ಒಂದಕ್ಕೆ ಒಗ್ಗಿ ಇನ್ನೊಂದಕ್ಕೆ ಒಗ್ಗದೇ ಇರಬಹುದು. ಎರಡಕ್ಕೂ ಮೂರು ನಾಲ್ಕು ಬಗೆ ಹಾಕಿ ನೋಡಿ. ಆರ್‌ಡಬ್ಲ್ಯುಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ, ಭಾರತದಲ್ಲಿ ಸಿಗುವುದು ಯಾವುದೋ ಅದು. ಪ್ರತಿಯೊಂದರ ಅತಿ ಒಳ್ಳೆಯದನ್ನು ಪ್ರತಿಯೊಂದರ ಅತಿ ಒಳ್ಳೆಯದಕ್ಕೆ ಹೋಲಿಸಿ.

ಲೇತ್_ಮನೆ

ಸುಬ್ಬಣ್ಣ ಹೇಳಿದ್ದು ಖರೆ. ಡಬ್ಬಿ ತಳದ ಪೆಲೆಟ್ ಬೇಡ ಅಂತ ಸೇರಿಸಿ. ಸೀಸ ಮೆತ್ತಗಿರುತ್ತದೆ. ಸಾಗಾಟದಲ್ಲಿ ಒಂದಕ್ಕೊಂದು ತಾಗಿ ಹಿಂದಿನ, ಲಂಗದ ಹಾಗೆ ಅಗಲವಾದ ಭಾಗದ ಅಂಚು ನೆಗ್ಗಿರುತ್ತದೆ. ನೆಗ್ಗಿದ್ದು ಬ್ಯಾರೆಲ್ಲಿನಿಂದ ಹೊರಬರುವಾಗ ಗಾಳಿ ಒಂದು ಕಡೆಯಿಂದ ಮೊದಲು ನುಗ್ಗುತ್ತದೆ, ಪೆಲೆಟ್ ಓಲಾಡುತ್ತದೆ. ಬೆರಳಲ್ಲಿ ಉರುಳಿಸಿ ನೋಡಿದರೇ ಕಾಣುತ್ತದೆ.

ಕೊಡಗಿನ_ಕೋವಿ

ನನ್ನ ಹತ್ತಿರ ಒಂದು ವೈಹ್ರಾಖ್ ಎಚ್‌ಡಬ್ಲ್ಯು45 ಇದೆ. ಸ್ಪ್ರಿಂಗ್‌ನದು. ಲೇತ್ ಅಣ್ಣ ಹೇಳಿದ ಹಾಗೆ ವೈಸಿಗೆ ಹಾಕಿ ನೋಡಿದೆ. ಕೈಯಲ್ಲಿ ಹೊಡೆದಾಗ ಮಧ್ಯಕ್ಕೆ ಬೀಳುತ್ತಿದ್ದದ್ದು ವೈಸಿನಲ್ಲಿ ಎಲ್ಲೋ ಬೇರೆ ಕಡೆ ಬಿತ್ತು. ಗ್ರೂಪ್ ಕೂಡ ಹರಡಿತು. ಇದೇನು ಕತೆ? ವೈಸಿಗಿಂತ ನನ್ನ ಕೈಯೇ ಗಟ್ಟಿ ಅಂತಾನಾ?

ಹತ್ತು_ಪಾಯಿಂಟ್_ಒಂಬತ್ತು

ಕೋವಿ ಅಣ್ಣ, ಸ್ಪ್ರಿಂಗ್ ಪಿಸ್ತೂಲನ್ನು ವೈಸಿಗೆ ಕಟ್ಟಲೇಬಾರದು. ಸ್ಪ್ರಿಂಗ್ ಬಿಟ್ಟ ಕೂಡಲೇ ಭಾರವಾದ ಪಿಸ್ಟನ್ ಒಂದು ಕಡೆ ನುಗ್ಗುತ್ತದೆ, ಪಿಸ್ತೂಲ್ ಎದುರು ಕಡೆ ಒದೆಯುತ್ತದೆ. ಪಿಸ್ಟನ್ ಕೊನೆ ಮುಟ್ಟಿದಾಗ ಮತ್ತೆ ತಿರುಗಿ ಎಳೆತ. ಈ ಒದೆತ ಶುರುವಾಗುವಾಗ ಪೆಲೆಟ್ ಇನ್ನೂ ಬ್ಯಾರೆಲ್ ಒಳಗೇ ಇರುತ್ತದೆ. ಹಾಗಾಗಿ ಯಾರು ಹೇಗೆ ಹಿಡಿದಿದ್ದಾರೆ ಅನ್ನುವುದರ ಮೇಲೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಗಟ್ಟಿಯಾಗಿ ಹಿಡಿದ ವೈಸ್ ಅಂದರೆ ನಿಮ್ಮ ಕೈಯ ಹಾಗೆ ಇಲ್ಲದ ಇನ್ನೊಂದು ಕೈ. ಅದಕ್ಕೆ ಮೆತ್ತನೆಯ ಮರಳಿನ ಚೀಲದ ಮೇಲೆ ನಿಮ್ಮ ಕೈ ಇಟ್ಟು, ಮಾಮೂಲಿ ಹಿಡಿತದಲ್ಲೇ, ಎರಡೂ ಕೈಯಲ್ಲಿ ಹೊಡೆದು ನೋಡಿ. ಪಿಸ್ತೂಲ್ ಚೀಲಕ್ಕೆ ತಾಗಬಾರದು.

ಹಳೆಯ ಫೈನ್‌ವರ್ಕ್‌ಬೌ 65 ಇದಕ್ಕೆ ಹೊರತು. ಅದೂ ಸ್ಪ್ರಿಂಗ್‌ನದೇ. ಆದರೆ ಮೇಲಿನ ಭಾಗ ಹಳಿಯ ಮೇಲೆ ಹಿಂದಕ್ಕೆ ಜಾರಿ ಒದೆತವನ್ನು ನುಂಗಿಬಿಡುತ್ತದೆ. ಅದನ್ನು ಮಾಡಿದವರ ತಲೆಗೆ ಒಂದು ಸಲಾಂ.

ಮ್ಯಾಚ್ ಪಿಸ್ತೂಲುಗಳು ಈಗ ಸಿಲಿಂಡರ್ ಗಾಳಿಯವು, ಒಳಗೆ ಭಾರವಾದದ್ದು ಏನೂ ಓಡುವುದಿಲ್ಲ. ಅವಕ್ಕೆ ವೈಸ್ ಸರಿ.

ಕೊಡಗಿನ_ಕೋವಿ

ಸರಿ, ಮರಳಿನ ಚೀಲ ಹೊಲಿಸುತ್ತೇನೆ. ಆದರೂ ನನ್ನ ಮಾತು ನನ್ನದೇ.

ಶಾಂತಾ_ಕೋಚ್

ತಡವಾಗಿ ಬಂದೆ. ಕೋವಿ ಅವರು ಅರ್ಧ ಸರಿ ಹೇಳುತ್ತಿದ್ದಾರೆ, ಅವರನ್ನು ಯಾರೂ ಗೇಲಿ ಮಾಡಬೇಡಿ.

ಹತ್ತು ವರ್ಷಕ್ಕೂ ಹೆಚ್ಚು ಮಕ್ಕಳಿಗೆ ಏರ್ ಪಿಸ್ತೂಲ್ ಕಲಿಸಿದವಳು ನಾನು. ಪಾಲಕರು ಬಂದು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಇದೇ: ಯಾವುದು ಅಕ್ಯುರೇಟ್? ನಾನು ಅವರನ್ನು ಕರೆದು ಪಿಸ್ತೂಲಿನ ಮೇಲೆ ಗುರಿ ಹಿಡಿಯುವ ಹಿಂದಿನ ಸೈಟ್ ಮತ್ತು ಮುಂದಿನ ಸೈಟ್ ತೋರಿಸುತ್ತೇನೆ. ಎರಡರ ನಡುವೆ ಅಂತರ ಸುಮಾರು 33 ಸೆಂಮೀ ಅಂದುಕೊಳ್ಳಿ. ಮುಂದಿನ ಸೈಟ್ ಹಿಂದಿನದರ ಕಂಡಿಯಲ್ಲಿ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಹತ್ತು ಮೀಟರ್ ಆಚೆ ಗುಂಡು 30 ಮಿಮೀ ಪಕ್ಕಕ್ಕೆ ಹೋಗುತ್ತದೆ. ನಾಲ್ಕು ಉಂಗುರದ ಹತ್ತಿರ ಹತ್ತಿರ. ಮಿಲಿಮೀಟರಿನ ಹತ್ತನೇ ಒಂದು ಭಾಗ ಸರಿದರೂ 3 ಮಿಮೀ. ಆದರೆ ಸೈಟ್ ಎರಡೂ ಸರಿಯಾಗಿದ್ದು ಇಡೀ ಕೈ 5 ಮಿಮೀ ಓಲಾಡಿದರೆ, ಗುಂಡೂ 5 ಮಿಮೀ ಮಾತ್ರ ಓಲಾಡುತ್ತದೆ. ಮಣಿಕಟ್ಟು ಬಾಗಬಾರದು ಎಂದು ಮಕ್ಕಳಿಗೆ ಬೈಯುವುದು ಇದಕ್ಕೇ.

ಮಣಿಕಟ್ಟನ್ನು ಗಟ್ಟಿಯಾಗಿ ಇಡುವುದು ಯಾವುದು? ಗ್ರಿಪ್. ಟ್ರಿಗರ್ ಒತ್ತುವಾಗ ಸೈಟ್ ಸರಿಯದೇ ಇರುವುದು ಯಾವುದರಿಂದ? ಬೆರಳು ಟ್ರಿಗರ್ ಮೇಲೆ ನೇರವಾಗಿ ಕೂತರೆ. ವೈಸಿನಲ್ಲಿ ಇವೆರಡೂ ಕಾಣುವುದಿಲ್ಲ, ಗ್ರಿಪ್ ಬಿಚ್ಚಿಯೇ ಕಟ್ಟುತ್ತೀರಿ ಅಲ್ವಾ? ಅದಕ್ಕೆ ಎರಡು ಪರೀಕ್ಷೆ ಬೇಕು. ಪಿಸ್ತೂಲ್ ಹಾಳಾಗಿದೆಯಾ ಅಂತ ವೈಸ್ ಹೇಳುತ್ತದೆ. ಮಗಳಿಗೆ ಹೊಂದುತ್ತದಾ ಅಂತ ಮಗಳೇ ಹೇಳಬೇಕು, ಆದರೆ ಗ್ರೂಪ್ ಅಳೆದು ಅಲ್ಲ.

ಮೈಸೂರು_ಅಪ್ಪ

ಮೇಡಂ, ಗ್ರೂಪ್ ಅಳೆಯದೆ ಹೇಗೆ ಹೇಳುತ್ತಾಳೆ?

ಶಾಂತಾ_ಕೋಚ್

ಕಣ್ಣು ಮುಚ್ಚಿಸಿ. ಪಿಸ್ತೂಲ್ ಎತ್ತಿ ಗುರಿಯ ಕಡೆ ಚಾಚಲು ಹೇಳಿ. ಈಗ ಕಣ್ಣು ತೆರೆಸಿ. ಸೈಟುಗಳು ತಾವಾಗಿಯೇ ಒಂದರ ಹಿಂದೆ ಒಂದು ಕೂತಿದ್ದರೆ ಆ ಗ್ರಿಪ್ ಅವಳದು. ಪ್ರತಿ ಸಲವೂ ಮುಂದಿನ ಸೈಟ್ ಎಡಕ್ಕೋ ಕೆಳಕ್ಕೋ ಹೋಗಿರುತ್ತದೆ ಅಂದರೆ ಗ್ರಿಪ್ ಬೇರೆಯವರ ಕೈಯದು. ಸೆಕೆಂಡ್ ಹ್ಯಾಂಡ್ ಪಿಸ್ತೂಲಿನಲ್ಲಿ ಹಳೆಯ ಮಾಲೀಕರು ಗ್ರಿಪ್ಪನ್ನು ಅರ ಹಾಕಿ ಕೆರೆದು, ಪುಟ್ಟಿ ಮೆತ್ತಿ ತಮ್ಮ ಕೈಗೆ ಮಾಡಿಕೊಂಡಿರುತ್ತಾರೆ. ದೊಡ್ಡವರ ಎಲ್ ಸೈಜಿನ ಗ್ರಿಪ್ ಹುಡುಗಿಯ ಕೈಗೆ ಬಂದರೆ ಏನೂ ಮಾಡಲಾಗುವುದಿಲ್ಲ, ಹೊಸ ಗ್ರಿಪ್ ಖರ್ಚು ಸೇರಿಸಿ ಬೆಲೆ ಲೆಕ್ಕ ಹಾಕಿ.

ಆಮೇಲೆ ಖಾಲಿ ಗೋಡೆಗೆ ಮುಖ ಮಾಡಿ ಡ್ರೈ ಫೈರ್ (ಪೆಲೆಟ್ ಹಾಕದೆ ಟ್ರಿಗರ್ ಒತ್ತುವುದು) ಮಾಡಿಸಿ. ಟಾರ್ಗೆಟ್ ಬೇಡ, ಬಿಳಿ ಗೋಡೆ ಸಾಕು. ಟ್ರಿಗರ್ ಬಿದ್ದ ಕ್ಷಣ ಮುಂದಿನ ಸೈಟ್ ಎಗರುತ್ತದಾ ನೋಡಲಿ. ನಿಮ್ಮ ರೇಂಜಿನಲ್ಲಿ ಸ್ಕ್ಯಾಟ್ ಅನ್ನುವ ತರಬೇತಿ ಉಪಕರಣ ಇದ್ದರೆ ಇನ್ನೂ ಒಳ್ಳೆಯದು, ಗುಂಡು ಬಿಡುವ ಮೊದಲು ಮತ್ತು ಬಿಡುವಾಗ ಬ್ಯಾರೆಲ್ ಎಲ್ಲಿ ಓಡಾಡಿತು ಎಂದು ಗೆರೆ ಎಳೆದು ತೋರಿಸುತ್ತದೆ. ಎರಡೂ ಪಿಸ್ತೂಲಿನ ಗೆರೆ ಪಕ್ಕ ಪಕ್ಕ ಇಟ್ಟರೆ ಮಾತೇ ಬೇಡ.

ಮೊರಿನಿಯ ಎಲೆಕ್ಟ್ರಾನಿಕ್ ಟ್ರಿಗರ್ ಕೆಲವು ಮಕ್ಕಳಿಗೆ ಬಹಳ ಹಿಡಿಸುತ್ತದೆ, ಮತ್ತೆ ಕೆಲವರು ಏನೋ ಸತ್ತ ಹಾಗಿದೆ ಎನ್ನುತ್ತಾರೆ. ಸ್ಟೈಯರ್ ಎಲ್‌ಪಿ10ರಲ್ಲಿ ಒದೆತ ತಗ್ಗಿಸುವ ಚಿಕ್ಕ ತೂಕ ಒಳಗಿದೆ, ಗುಂಡು ಬಿಟ್ಟ ಮೇಲೆ ಸೈಟ್ ಬೇಗ ಮರಳುತ್ತದೆ. ಇವೆಲ್ಲ ರುಚಿಯ ವಿಷಯ, ಅವಳಿಗೇ ಬಿಡಿ. ಟ್ರಿಗರ್ ತೂಕ ಮಾತ್ರ ನೀವೇ ನೋಡಿ. ಕನಿಷ್ಠ 500 ಗ್ರಾಂ ಇರಬೇಕು. ಬ್ಯಾರೆಲ್ ಬಾಯಿ ಮೇಲಕ್ಕೆ ಮಾಡಿ ಟ್ರಿಗರಿಗೆ 500 ಗ್ರಾಂ ತೂಕ ನೇತುಹಾಕಿ ಎತ್ತುತ್ತಾರೆ, ಆಗ ಟ್ರಿಗರ್ ಬಿದ್ದುಬಿಡಬಾರದು. ಮ್ಯಾಚಿಗೆ ಮುಂಚಿನ ಚೆಕ್ಕಿಂಗ್‌ನಲ್ಲಿ ಇದೇ ನೋಡುವುದು.

ಸ್ಟುಟ್‌ಗಾರ್ಟ್_ಸುಬ್ಬ

ಮೇಡಂ ಬರೆದದ್ದನ್ನು ಪ್ರಿಂಟ್ ತೆಗೆದು ಕ್ಲಬ್ಬಿನ ಗೋಡೆಗೆ ಅಂಟಿಸಬೇಕು ಅನ್ನಿಸಿತು.

ಹತ್ತು_ಪಾಯಿಂಟ್_ಒಂಬತ್ತು

ಟೆಸ್ಟ್ ಕಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಸರ್, ಆ ಕಾರ್ಡ್ ಸುಳ್ಳಲ್ಲ. ಆದರೆ ಅದು ಪಿಸ್ತೂಲ್ ಹೊಸದಿದ್ದ ದಿನದ್ದು, ಬರೀ ಐದು ಗುಂಡಿನದು. ಐದು ಗುಂಡಿನ ಒಂದು ಗ್ರೂಪ್ ಬಹಳ ತುಂಟ. ಸರಾಸರಿ 6 ಮಿಮೀ ಕೊಡುವ ಪಿಸ್ತೂಲ್ ಒಂದು ಸಲ ನಾಲ್ಕೂವರೆ ಕೊಡುತ್ತದೆ, ಮುಂದಿನ ಸಲ ಏಳೂವರೆ ಕೊಡುತ್ತದೆ, ಎರಡೂ ಸಹಜ. ಹಾಗಾಗಿ ಒಂದೇ ಗ್ರೂಪ್ ನೋಡಿ ನಿರ್ಧಾರ ಮಾಡಬೇಡಿ. ಕನಿಷ್ಠ ಐದು ಗ್ರೂಪ್ ಹೊಡೆದು ಸರಾಸರಿ ತೆಗೆಯಿರಿ. ಒಳ್ಳೆಯದು ಬಂದದ್ದನ್ನು ಫೋಟೋ ತೆಗೆದು ಹಾಕುವ ಚಟ ಎಲ್ಲರಿಗೂ ಇದೆ, ಅದನ್ನು ನೋಡಿ ಮರುಳಾಗಬೇಡಿ.

ಇನ್ನೂ ಚೆನ್ನಾಗಿ ಮಾಡಬೇಕು ಅಂದರೆ ಗ್ರೂಪಿನ ಅಗಲ ಬಿಟ್ಟುಬಿಡಿ. ಅಗಲ ನಿರ್ಧಾರವಾಗುವುದು ಎರಡೇ ಗುಂಡಿನಿಂದ, ಉಳಿದವು ಲೆಕ್ಕಕ್ಕೇ ಬರುವುದಿಲ್ಲ. ಅದರ ಬದಲು ಎಲ್ಲ ತೂತುಗಳ ಮಧ್ಯಬಿಂದು ಕಂಡುಹಿಡಿದು, ಪ್ರತಿ ತೂತು ಅದರಿಂದ ಎಷ್ಟು ದೂರ ಎಂದು ಅಳೆದು ಸರಾಸರಿ ತೆಗೆಯಿರಿ. ಹೊಡೆದ ಪ್ರತಿ ಗುಂಡೂ ಕೆಲಸಕ್ಕೆ ಬರುತ್ತದೆ. ಎಲೆಕ್ಟ್ರಾನಿಕ್ ಟಾರ್ಗೆಟ್ ಇರುವ ರೇಂಜ್ ಸಿಕ್ಕರೆ ಪ್ರತಿ ಶಾಟಿನ ಜಾಗವೂ ಅಂಕಿಯಲ್ಲಿ ಸಿಗುತ್ತದೆ, ಎಕ್ಸೆಲ್‌ಗೆ ಹಾಕಿದರೆ ಐದು ನಿಮಿಷದ ಕೆಲಸ.

ಒಂದು ಪಿಸ್ತೂಲ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಇದರಲ್ಲಿ ಒಂದು ಗ್ರೂಪ್, ಅದರಲ್ಲಿ ಎರಡು, ಮತ್ತೆ ಇದರಲ್ಲಿ ಒಂದು. ಹೀಗೆ ಅದಲು ಬದಲು ಮಾಡಿ. ಬೆಳಗ್ಗೆ ತಂಪು, ಮಧ್ಯಾಹ್ನ ಶೆಕೆ. ಅದರ ಪಾಲು ಇಬ್ಬರಿಗೂ ಸಮ ಬರಲಿ. ಪೆಲೆಟ್ ಬಗೆಗಳನ್ನು ಹೋಲಿಸುವಾಗ ಬೇರೆಯವರು ಎರಡು ಬಟ್ಟಲಿಗೆ ಸುರಿದುಕೊಡಲಿ, ಯಾವುದು ಯಾವುದೆಂದು ಹೊಡೆಯುವವರಿಗೆ ಗೊತ್ತಾಗಬಾರದು. ದುಬಾರಿ ಡಬ್ಬಿ ಕೈಯಲ್ಲಿದ್ದರೆ ಮನಸ್ಸು ತಾನಾಗಿ ಅದರ ಪರ ವಾಲುತ್ತದೆ.

ಲೇತ್_ಮನೆ

ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಸಿಕ್ಕರೆ ಅದನ್ನು ಬಿಡಬೇಡಿ ಸರ್. ಸೆಕೆಂಡ್ ಹ್ಯಾಂಡ್ ಪಿಸ್ತೂಲಿನಲ್ಲಿ ಮೊದಲು ಸೊರಗುವುದು ಬ್ಯಾರೆಲ್ ಅಲ್ಲ, ಪ್ರತಿ ಗುಂಡಿಗೂ ಗಾಳಿಯ ಒತ್ತಡ ಸಮ ಇಡುವ ರೆಗ್ಯುಲೇಟರ್ ಮತ್ತು ಸೀಲುಗಳು. ಸೀಸದ ಪೆಲೆಟ್ ಈ ವೇಗದಲ್ಲಿ ಬ್ಯಾರೆಲ್ಲನ್ನು ಸವೆಸುವುದೇ ಇಲ್ಲ ಅನ್ನಬಹುದು.

ಮ್ಯಾಚ್ ಪಿಸ್ತೂಲಿನ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೋಗುತ್ತದೆ. ಹತ್ತು ಮೀಟರ್ ದಾಟುವಷ್ಟರಲ್ಲಿ 22-23 ಮಿಮೀ ಕೆಳಕ್ಕೆ ಇಳಿದಿರುತ್ತದೆ. ಸೈಟ್ ಅದಕ್ಕೆ ಸರಿ ಮಾಡಿರುವುದರಿಂದ ನಮಗೆ ಗೊತ್ತಾಗುವುದಿಲ್ಲ. ವೇಗ ಶೇ. 2 ಏರಿಳಿದರೆ ಗುಂಡು ಒಂದು ಮಿಮೀ ಮೇಲೆ ಕೆಳಗೆ, ಚಿಂತೆ ಇಲ್ಲ. ಶೇ. 5 ಆದರೆ ಎರಡು ಮಿಮೀ ದಾಟುತ್ತದೆ. ಅದೇ 100 ಮೀಟರ್ ವೇಗದ ಅಗ್ಗದ ಪಿಸ್ತೂಲಿನಲ್ಲಿ ಅದೇ ಶೇ. 5ಕ್ಕೆ 5 ಮಿಮೀ. ನಿಧಾನದ ಪಿಸ್ತೂಲಿಗೆ ಶಿಕ್ಷೆ ಜಾಸ್ತಿ.

ಗ್ರೂಪ್ ಅಡ್ಡಕ್ಕೆ ಚಿಕ್ಕದಿದ್ದು ಉದ್ದಕ್ಕೆ ಎಳೆದ ಹಾಗಿದ್ದರೆ ಮೊದಲ ಅನುಮಾನ ರೆಗ್ಯುಲೇಟರ್ ಮೇಲೆ ಇರಲಿ. ಇನ್ನೊಂದು ಪರೀಕ್ಷೆ: ಪಿಸ್ತೂಲನ್ನು ಅರ್ಧ ಗಂಟೆ ಸುಮ್ನೆ ಬಿಡಿ, ಆಮೇಲೆ ಒಂದು ಗುಂಡು. ಆ ಮೊದಲ ಗುಂಡಿನ ವೇಗ ಮಾತ್ರ ಉಳಿದವಕ್ಕಿಂತ ಬಹಳ ಜಾಸ್ತಿ ಬಂದರೆ ರೆಗ್ಯುಲೇಟರ್ ಒಳಗೆ ಗಾಳಿ ಮೆಲ್ಲಗೆ ಸೋರಿ ಒತ್ತಡ ಏರುತ್ತಿದೆ ಅಂತ ಅರ್ಥ. ಅದು ರಿಪೇರಿ ಆಗುತ್ತದೆ, ಆದರೆ ಬೆಲೆ ಇಳಿಸಿ ಕೇಳಲು ಒಳ್ಳೆಯ ನೆಪ.

ಹಾಂ, ವೈಸ್ ಪರೀಕ್ಷೆ ರೇಂಜಿನಲ್ಲೇ ಮಾಡಿ. ಮಹಡಿ ಮೇಲೆ, ಕಾರಿಡಾರಿನಲ್ಲಿ ಬೇಡ. ಕಣ್ಣಿಗೆ ಕನ್ನಡಕ ಇರಲಿ, ಪೆಲೆಟ್ ಗಟ್ಟಿ ಲೋಹಕ್ಕೆ ತಾಗಿ ವಾಪಸ್ ಬರುತ್ತದೆ. ಊಟಕ್ಕೆ ಮುಂಚೆ ಸೋಪ್ ಹಾಕಿ ಕೈ ತೊಳೆಯಿರಿ, ಸೀಸ.

ಕೊಡಗಿನ_ಕೋವಿ

ಮೊರಿನಿ, ಸ್ಟೈಯರ್ ಅಂತ ಲಕ್ಷದ ಮಾತೇ ಆಯಿತು. ಶುರು ಮಾಡುವವರಿಗೆ ರಷ್ಯಾದ ಇಝ್ 46ಎಂ ನೆನಪಿಸುತ್ತೇನೆ. ಸಿಲಿಂಡರ್ ಇಲ್ಲ, ಲಿವರ್ ಒಂದು ಸಲ ಎಳೆದರೆ ಒಂದು ಗುಂಡಿಗೆ ಗಾಳಿ. ಸ್ಪ್ರಿಂಗ್ ಒದೆತ ಇಲ್ಲ. ನೋಡಲು ನಮ್ಮ ಹಳೆಯ ಪಂಪ್‌ಸೆಟ್ ಹಾಗಿದೆ, ಆದರೆ ಗ್ರೂಪ್ ನೋಡಿದರೆ ದೊಡ್ಡವರೂ ಬೆಚ್ಚುತ್ತಾರೆ.

ಶಾಂತಾ_ಕೋಚ್

ಒಪ್ಪುತ್ತೇನೆ. ಒಂದೇ ತೊಂದರೆ, 60 ಶಾಟ್ ಮ್ಯಾಚಿನಲ್ಲಿ 60 ಸಲ ಆ ಲಿವರ್ ಎಳೆಯಬೇಕು. ಚಿಕ್ಕ ಮಕ್ಕಳ ತೋಳು ಸೋತುಹೋಗುತ್ತದೆ.

ನಿಖರತೆಗಿಂತ ಮೊದಲು ನಾನು ನಂಬಿಕೆಯ ಬಗ್ಗೆ ಕೇಳುತ್ತೇನೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ 2021ರ ಜುಲೈ 25ರಂದು ಏನಾಯಿತು ನೆನಪಿದೆಯಾ? ಮನು ಭಾಕರ್ ಅರ್ಹತಾ ಸುತ್ತಿನ ಮಧ್ಯೆ ಇರುವಾಗ ಪಿಸ್ತೂಲಿನ ಕಾಕಿಂಗ್ ಲಿವರ್ ಮುರಿಯಿತು. ರಿಪೇರಿಗೆ ಸಮಯ ಹೋಯಿತು, ಗಡಿಯಾರ ನಿಲ್ಲಲಿಲ್ಲ. 575 ಬಂತು, 12ನೇ ಸ್ಥಾನ, ಫೈನಲ್ ತಪ್ಪಿತು. ಮೂರು ವರ್ಷ ಆದ ಮೇಲೆ ಪ್ಯಾರಿಸ್‌ನಲ್ಲಿ 580 ಹೊಡೆದು ಫೈನಲಿಗೆ ಹೋಗಿ ಕಂಚು ತಂದಳು. ಆ ಟೋಕಿಯೋ ಪಿಸ್ತೂಲ್ ವೈಸಿನಲ್ಲಿ ಐದು ಗುಂಡನ್ನು ಒಂದೇ ತೂತಿಗೆ ಹಾಕುತ್ತಿತ್ತೇನೋ. ಏನು ಪ್ರಯೋಜನ?

ಹಾಗಾಗಿ ಲಿವರಿನ ಪಿನ್, ಟ್ರಿಗರ್ ಸ್ಕ್ರೂ, ಬ್ಯಾಟರಿ ಜಾಗ, ಸೀಲು ಎಲ್ಲ ನೋಡಿ. ಬಿಡಿಭಾಗ ಬೆಂಗಳೂರಿನಲ್ಲಿ ಯಾರ ಹತ್ತಿರ ಸಿಗುತ್ತದೆ, ಎಷ್ಟು ದಿನಕ್ಕೆ ಬರುತ್ತದೆ ಎಂದು ಮೊದಲೇ ಕೇಳಿ. ನಿಮ್ಮ ರೇಂಜಿನಲ್ಲಿ ಆರು ಜನರ ಹತ್ತಿರ ಸ್ಟೈಯರ್ ಇದ್ದು ಮೊರಿನಿ ಒಬ್ಬರ ಹತ್ತಿರ ಇದ್ದರೆ, ನಾನು ಸ್ಟೈಯರ್ ಕೊಳ್ಳುತ್ತೇನೆ. ಮ್ಯಾಚ್ ದಿನ ಸೀಲ್ ಹೋದರೆ ಪಕ್ಕದವರ ಡಬ್ಬಿಯಲ್ಲಿ ಸಿಗುತ್ತದೆ.

ಹತ್ತು_ಪಾಯಿಂಟ್_ಒಂಬತ್ತು

ಮಾತು ಬಂದದ್ದಕ್ಕೆ ಹೇಳುತ್ತೇನೆ. 2009ರಲ್ಲಿ ಚಾಂಗ್‌ವಾನ್‌ನಲ್ಲಿ ಕೊರಿಯಾದ ಜಿನ್ ಜೊಂಗ್‌ಓ 60 ಶಾಟಿಗೆ 594 ಹೊಡೆದರು. ಕಳೆದುಕೊಂಡದ್ದು ಆರೇ ಅಂಕ. ಅದೇ ಚಾಂಗ್‌ವಾನ್‌ನಲ್ಲಿ 2013ರ ವಿಶ್ವಕಪ್‌ನಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. 594 ಹೊಡೆಯುವ ಕೈಗೆ ಪಿಸ್ತೂಲಿನ ಒಂದು ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಲಾಟ್ ನಂಬರ್ ಹುಡುಕಿಕೊಂಡು ಹೋಗುವುದು ಹುಚ್ಚಲ್ಲ. 540ಕ್ಕೆ ಅದು ಬೇಡ, ಅದೇ ದುಡ್ಡಿಗೆ ಜಾಸ್ತಿ ಪೆಲೆಟ್ ತಂದು ಹೊಡೆಯಲಿ.

ಮೈಸೂರು_ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಲೇತ್ ಮನೆಯವರು ದೊಡ್ಡ ಮನಸ್ಸು ಮಾಡಿ ವೈಸ್ ತೆಗೆದುಕೊಂಡು ಬಂದಿದ್ದರು. ಹೇಳಿದ ಹಾಗೇ ಅದಲು ಬದಲು ಮಾಡಿ ಹೊಡೆದೆವು.

ಒಂದೇ ಸಾಲಿನಲ್ಲಿ ಹೇಳಬೇಕೆಂದರೆ, ಎರಡೂ ಪಿಸ್ತೂಲ್ ಚೆನ್ನಾಗಿವೆ. ಅಕ್ಕಪಕ್ಕ ಇಟ್ಟ ಕಾರ್ಡುಗಳಲ್ಲಿ ಯಾವುದು ಯಾವುದರದು ಎಂದು ಹೇಳಲು ಆಗಲಿಲ್ಲ. ಪೆಲೆಟ್ ಬದಲಿಸಿದಾಗ ಮಾತ್ರ ಕಾಣುವಂಥ ವ್ಯತ್ಯಾಸ. ಸ್ಟೈಯರ್ ಒಂದು ಬಗೆಯ ಪೆಲೆಟ್ಟನ್ನು ಬೇಡವೇ ಬೇಡ ಎಂದಿತು, ತೂತುಗಳು ಚೆದುರಿಹೋದವು. ಮೊರಿನಿ ಅದೇ ಡಬ್ಬಿಯನ್ನು ತಕರಾರಿಲ್ಲದೆ ತಿಂದಿತು. ಆ ಡಬ್ಬಿ ಒಂದನ್ನೇ ಒಯ್ದಿದ್ದರೆ ಸ್ಟೈಯರ್ ಕೆಟ್ಟದ್ದು ಎಂದುಕೊಂಡು ಬರುತ್ತಿದ್ದೆವು.

ಆಮೇಲೆ ಮೇಡಂ ಹೇಳಿದ ಕಣ್ಣು ಮುಚ್ಚುವ ಪರೀಕ್ಷೆ. ಮೊರಿನಿಯಲ್ಲಿ ಮುಂದಿನ ಸೈಟ್ ಪ್ರತಿ ಸಲ ಎಡಕ್ಕೆ. ಗ್ರಿಪ್ಪಿನ ಹಿಂಭಾಗಕ್ಕೆ ಯಾರೋ ದಪ್ಪಗೆ ಪುಟ್ಟಿ ಮೆತ್ತಿದ್ದರು. ಸ್ಟೈಯರ್‌ನಲ್ಲಿ ಕಣ್ಣು ತೆರೆದರೆ ಸೈಟ್ ಅಲ್ಲೇ ಕೂತಿತ್ತು. ಮಗಳು ನನ್ನ ಕಡೆ ತಿರುಗಿ ನೋಡಿದಳು. ಇನ್ನು ನಾನು ಬೇರೆ ಮಾತಾಡುವ ಹಾಗಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಸ್ಟೈಯರ್ ಜೊತೆ ಎರಡು ಸಿಲಿಂಡರ್ ಕೊಡುತ್ತಾರಂತೆ. ಒಂದರ ಮೇಲೆ 2014 ಎಂದು ಕೊರೆದಿದೆ, ಇನ್ನೊಂದರ ಮೇಲೆ 2019. ಏನಾದರೂ ತೊಂದರೆ ಇದೆಯಾ?

ಶಾಂತಾ_ಕೋಚ್

ಇದೆ. ಸಿಲಿಂಡರಿಗೆ ಹತ್ತು ವರ್ಷ ಆಯುಷ್ಯ. 2014ರದು ಮುಗಿದುಹೋಗಿದೆ, ಅದಕ್ಕೆ ಗಾಳಿ ತುಂಬಬೇಡಿ. ಮ್ಯಾಚಿನಲ್ಲಿ ತಾರೀಖು ನೋಡುವ ಜವಾಬ್ದಾರಿ ಶೂಟರ್‌ದೇ. 2019ರದು 2029ರವರೆಗೆ ಬರುತ್ತದೆ, ಕೊರೆದಿರುವ ತಿಂಗಳೂ ನೋಡಿಕೊಳ್ಳಿ. ಒಂದು ಸಿಲಿಂಡರಿನ ಬೆಲೆ ಕಡಿಮೆ ಮಾಡಿ ಎಂದು ಕೇಳಿ, ಅವರಿಗೂ ಗೊತ್ತಿರುತ್ತದೆ.

ಲೇತ್_ಮನೆ

ಹಳೆಯ ಸಿಲಿಂಡರ್ ಬಿಸಾಡಬೇಡಿ ಸರ್, ಗಾಳಿ ಪೂರ್ತಿ ಬಿಟ್ಟು ನನಗೆ ಕೊಡಿ. ಮುಂದಿನ ಸಲ ವೈಸ್ ಹೊಂದಿಸುವಾಗ ಡಮ್ಮಿ ಬೇಕಾಗುತ್ತದೆ.